ಬಾಯಾರು ಬರೆದು ಕಲಿಸಿದ ದಿನಗಳು

ಕಳೆದ ವಾರ ನಿಪ್ಪಾಣಿಯ ಪೇಟೆಯಲ್ಲಿ ಬೇರುನಾರಿನ ಔಷಧಿ ಮಾರುವ ಹಳೆಯ ಅಂಗಡಿಯೊಂದರ ಮುಂದೆ ನಿಂತಿದ್ದೆ. ಅತ್ತೆಯವರ ಮೊಣಕಾಲು ನೋವಿಗೆ ಯಾವುದೋ ಎಣ್ಣೆ ಬೇಕಿತ್ತು. ಅಂಗಡಿಯವರು ನನಗಿಂತ ಮೊದಲು ಬಂದಿದ್ದ ಗಿರಾಕಿಗಾಗಿ ಜೇಷ್ಠಮಧುವಿನ ಕಡ್ಡಿಗಳನ್ನು ಕುಟ್ಟುತ್ತಿದ್ದರು. ಆ ಓಣಿಯಲ್ಲಿ ತಂಬಾಕಿನ ಘಾಟು ಯಾವಾಗಲೂ ಇರುತ್ತದೆ. ಅದರ ನಡುವೆಯೂ ಒಣ ಮಣ್ಣಿನಂಥ, ಸಿಹಿ ಬೆರೆತ ಆ ವಾಸನೆ ಎದ್ದು ಬಂತು. ಒಮ್ಮೆಲೇ ನಾನು ಚಿಕ್ಕೋಡಿಯಿಂದ ಅಂಕಲಿ ಕಡೆ ಹೋಗುವ ಬೆಳಗಿನ ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಬಾಯಾರು ಕೂತಿದ್ದರು. ದವಡೆಯಲ್ಲಿ ಜೇಷ್ಠಮಧುವಿನ ಚೂರು ಇಟ್ಟುಕೊಂಡು, ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತ...

ನಮ್ಮ ಕಡೆ ಮಕ್ಕಳು ಶಿಕ್ಷಕಿಯರನ್ನು ಕರೆಯುವುದೇ ಬಾಯಾರು ಎಂದು. ಮರಾಠಿಯ 'ಬಾಯಿ'ಗೆ ಕನ್ನಡದ ಮರ್ಯಾದೆ ಸೇರಿ ಆದ ಮಾತು ಅದು. ಆ ಬಸ್ಸು ನಮ್ಮನ್ನು ಒಯ್ಯುತ್ತಿದ್ದ ಶಾಲೆಯಲ್ಲಿ ನಾನೂ ಬಾಯಾರೇ, ಕನ್ನಡದ ಬಾಯಾರು. ಆದರೆ ವಿಷಯದ ಹೆಸರಿಲ್ಲದೆ ಬರೀ 'ಬಾಯಾರು' ಅಂದರೆ ಅದು ವಿಜ್ಞಾನ ಕಲಿಸುತ್ತಿದ್ದ ಅವರೊಬ್ಬರೇ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವರು ಅಲ್ಲಿ ಹಳಬರು. ನದಿ ಹತ್ತಿರದ ಆ ಊರಿನ ಎಷ್ಟೋ ಮನೆಗಳಲ್ಲಿ ಅಪ್ಪನಿಗೂ ಮಗನಿಗೂ ಅವರೇ ಕಲಿಸಿದ್ದರು.

ಅವರ ದನಿ ದೊಡ್ಡದು. ಮೈದಾನದ ಆಚೆ ತುದಿಯ ಬೇವಿನ ಮರದ ಕೆಳಗೆ ನಿಂತವನಿಗೂ ಎಂಟನೇ ತರಗತಿಯ ಪಾಠ ಕೇಳುತ್ತಿತ್ತು. ಎತ್ತರಿಸಿ ಮಾತಾಡುವುದನ್ನು ಬಿಟ್ಟು ಬೇರೆ ಥರ ಮಾತಾಡಲು ಅವರಿಗೆ ಬರುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ನನ್ನೊಬ್ಬಳಿಗೆ ಹೇಳಿದ ಮನೆ ಮಾತೂ ಕಂಡಕ್ಟರನಿಗೆ ಕೇಳಿ, ಅವನು ನಡುವೆ ಬಾಯಿ ಹಾಕುತ್ತಿದ್ದ.

ಮೊದಲು ದನಿ ಒಡೆಯಿತು. ಶಿಕ್ಷಕಿಯರಿಗೆ ಇದು ಹೊಸದಲ್ಲ. ನಾವೆಲ್ಲ ಬಿಸಿನೀರು, ಅರಿಸಿನ ಹಾಲು, ಜೇಷ್ಠಮಧು ಅಂದೆವು. ಅವರು ಎಲ್ಲವನ್ನೂ ಮಾಡಿದರು. ಆಮೇಲೆ ದನಿ ಇಳಿಯಿತು. ಅವರ ತರಗತಿಯ ಹಾಜರಿಯನ್ನು ನಾನು ಕರೆಯತೊಡಗಿದೆ. ಕೊನೆಗೆ ಮಿರಜದ ಆಸ್ಪತ್ರೆಗೆ ಹೋದರು. ಗಂಟಲೊಳಗಿನ ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದಿದೆ, ಅದು ಕೆಟ್ಟ ಗಂಟು, ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ತಂಬಾಕು ತಿನ್ನುತ್ತೀರಾ ಎಂದು ಕೇಳಿದರಂತೆ. ಬಾಯಾರು ಹುಟ್ಟಿದ್ದು ಇದೇ ನಿಪ್ಪಾಣಿಯಲ್ಲಿ, ತಂಬಾಕು ತುಂಬಿಡುವ ವಖಾರಗಳ ಹಿಂದಿನ ಓಣಿಯಲ್ಲಿ. ಆದರೆ ಅವರದು ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಊಟವನ್ನೂ ಮುಟ್ಟದ ಹೆಣ್ಣುಮಗಳು. "ನಾ ಏನ್ ತಿಂದೀನಿ ಅಂತ ಹೇಳಲಿ, ಉಪವಾಸ ತಿಂದೀನ್ರಿ ಅಂದೆ" ಎಂದು ಆ ಉಳಿದಷ್ಟು ದನಿಯಲ್ಲಿ ನನಗೆ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಆಪರೇಷನ್ನಿಗೆ ಇನ್ನೂ ಕೆಲವು ದಿನ ಇತ್ತು. ಪಾಠಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಮಕ್ಕಳಿಗೆ ಉಪಯೋಗ ಎಂದು ಹೆಡ್‌ಮಾಸ್ತರರು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬಾಯಾರು ಒಪ್ಪಲಿಲ್ಲ.

"ಬ್ಯಾಡ್ರಿ ಸರ್. ಸತ್ತೋರ ಪಾಠ ಕೇಳಿದಂಗ ಆಕ್ಕೈತಿ. ಹುಡುಗೂರು ಹೊಳ್ಳಿ ಪ್ರಶ್ನೆ ಕೇಳಿದ್ರ ಆ ರೆಕಾರ್ಡ್ ಏನ್ ಹೇಳ್ತೈತಿ?"

ಅದೇ ದಿನ ಬಸ್ಸಿನಲ್ಲಿ ಅವರು ನನ್ನನ್ನು ಕೇಳಿದರು, "ಅಲ್ಲವಾ, ಟ್ರೇನಿಂಗಿನ್ಯಾಗ ನಾವೆಲ್ಲಾರೂ ಒಂದು ಬ್ಲಾಗ್ ಮಾಡಿದ್ವಿ ನೋಡು, ಅದು ಇನ್ನೂ ಇರತೈತೇನು?"

ನನಗೆ ಅದು ಮರೆತೇ ಹೋಗಿತ್ತು. ಹಿಂದೊಮ್ಮೆ ಚಿಕ್ಕೋಡಿಯಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ನಡೆದಾಗ, ಪ್ರತಿಯೊಬ್ಬರೂ ಒಂದೊಂದು ಬ್ಲಾಗ್ ತೆರೆಯಬೇಕು ಎಂದಿದ್ದರು. ಎಲ್ಲರೂ ತೆರೆದೆವು. 'ನಮಸ್ಕಾರ, ಇದು ನನ್ನ ಮೊದಲ ಬರಹ' ಎಂದು ಬರೆದು, ಚಹಾ ಕುಡಿದು, ಪ್ರಮಾಣಪತ್ರ ತೆಗೆದುಕೊಂಡು ಮನೆಗೆ ಬಂದೆವು. ಯಾರೂ ಮತ್ತೆ ಅತ್ತ ನೋಡಿರಲಿಲ್ಲ. ಬಾಯಾರು ನೋಡಿದರು. ಅವರ ಬ್ಲಾಗು ಅಲ್ಲೇ ಇತ್ತು, ಆ ಒಂದು ನಮಸ್ಕಾರದೊಂದಿಗೆ.

ಆಸ್ಪತ್ರೆಯಿಂದ ಬಂದು, ರಜೆ ಮುಗಿಸಿ ಅವರು ಶಾಲೆಗೆ ಮರಳಿದ ದಿನ ಕತ್ತಿಗೆ ತೆಳುವಾದ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ಅದರ ಹಿಂದೆ ಉಸಿರಾಡುವ ರಂಧ್ರ. ಉಸಿರಾಡಿದಾಗ ಬಟ್ಟೆ ಸ್ವಲ್ಪ ಅಲುಗುತ್ತಿತ್ತು. ಮಕ್ಕಳು ಎದ್ದು ನಿಂತು "ನಮಸ್ಕಾರ ಬಾಯಾರ" ಎಂದರು. ಅವರು ಕೈ ಮುಗಿದರು.

ನಮ್ಮ ಶಾಲೆಯಲ್ಲಿ ಯಾರೋ ದಾನ ಕೊಟ್ಟ ಕೆಲವು ಕಂಪ್ಯೂಟರುಗಳಿದ್ದವು. ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ಬಾಯಾರು ಬಟ್ಟೆ ತೆಗೆಸಿದರು. ಹಿಂದಿನ ದಿನ ಸಂಜೆ, ಬೇಗ ಊಟ ಮುಗಿಸಿ, ಅವರು ಮನೆಯಿಂದ ಬ್ಲಾಗಿನಲ್ಲಿ ಪಾಠ ಬರೆದಿರುತ್ತಿದ್ದರು. ಮರುದಿನ ಮಕ್ಕಳು ಒಂದೊಂದು ಕಂಪ್ಯೂಟರಿನ ಮುಂದೆ ಗುಂಪಾಗಿ ಕೂತು ಅದನ್ನು ಓದಿ, ಕೆಳಗೆ ತಮ್ಮ ಪ್ರಶ್ನೆ ಬರೆಯಬೇಕು. ಬಾಯಾರು ಅದೇ ಕೋಣೆಯ ಮೂಲೆಯ ಕಂಪ್ಯೂಟರಿನಲ್ಲಿ ಕೂತು ಉತ್ತರ ಬರೆಯುತ್ತಿದ್ದರು. ಎದುರಿಗೇ ಕೂತವರು ಹೀಗೆ ಬರೆದು ಮಾತಾಡುವುದು ಮೊದಲ ದಿನ ಎಲ್ಲರಿಗೂ ವಿಚಿತ್ರ ಅನ್ನಿಸಿತು. ಉತ್ತರ ಬಂದಾಗ ಮಕ್ಕಳು ಪರದೆ ಬಿಟ್ಟು ತಿರುಗಿ ಅವರ ಮುಖ ನೋಡುತ್ತಿದ್ದರು.

ಪಾಠ ಪುಸ್ತಕದ್ದೇ. ಆದರೆ ಅವರು ಶುರು ಮಾಡುತ್ತಿದ್ದದ್ದು ಊರಿನಿಂದ. ಬೆಲ್ಲ ಕುದಿಸುವಾಗ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಯಾಕೆ ಹಾಕುತ್ತಾರೆ? ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ, ಸಕ್ಕರೆ ಪಾಕದಲ್ಲಿ ಹಾಕಿದರೆ ಯಾಕೆ ಉಬ್ಬುವುದಿಲ್ಲ? ಮನೆಯಲ್ಲಿ ಮಾಡಿ ನೋಡಿ, ಕಂಡದ್ದನ್ನು ಬರೆಯಿರಿ ಎನ್ನುತ್ತಿದ್ದರು. ಮಕ್ಕಳ ಬರಹದಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಕಾಗುಣಿತ ದೇವರಿಗೇ ಪ್ರೀತಿ. ಕನ್ನಡದ ಶಿಕ್ಷಕಿ ಅಂತ ನನಗೆ ಕೈ ತುರಿಸುತ್ತಿತ್ತು. ತಿದ್ದಲು ಹೋದರೆ ಬಾಯಾರು ನನ್ನ ಕೈ ಹಿಡಿದು, ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದರು. ಆಮೇಲೆ ಮೊಬೈಲಿನಲ್ಲಿ ಬರೆದು ತೋರಿಸಿದರು: 'ಮೊದಲ ಕೇಳಲಿ. ನೆಟ್ಟಗ ಬರಿಯೂದು ಆಮ್ಯಾಲ.'

ಬ್ಲಾಗು ಶಾಲೆಯಲ್ಲೇ ಉಳಿಯಲಿಲ್ಲ. ಅದನ್ನು ಯಾರು ಬೇಕಾದರೂ ಓದಬಹುದಿತ್ತಲ್ಲ. ಐನಾಪುರದ ಒಬ್ಬ ರೈತರು, ಮಳೆ ಬಿದ್ದ ಮರುದಿನ ದ್ರಾಕ್ಷಿಯ ಕಾಯಿ ಯಾಕೆ ಒಡೆಯುತ್ತದೆ ಎಂದು ಕೇಳಿದರು. ಬಾಯಾರು ತಾವು ಉತ್ತರಿಸಲಿಲ್ಲ. ಒಣದ್ರಾಕ್ಷಿ ಪಾಠ ಓದಿದವರು ಉತ್ತರ ಹೇಳಿರಿ ಎಂದು ಒಂಬತ್ತನೇ ತರಗತಿಗೆ ಬಿಟ್ಟರು. ಮಕ್ಕಳು ಎರಡು ದಿನ ಜಗಳಾಡಿದರು. ಕೊನೆಗೆ ನೀರು ಸಿಪ್ಪೆಯ ಒಳಗೆ ನುಗ್ಗಿ, ಜಾಗ ಸಾಲದೆ ಒಡೆಯುತ್ತದೆ ಎಂದು ಬರೆದರು. ಆ ರೈತರು 'ಶಾಣ್ಯಾ ಅದೀರಿ, ಬರ್ರಿ ಒಮ್ಮೆ ತೋಟಕ್ಕ' ಎಂದು ಉತ್ತರ ಬರೆದಾಗ ಕೋಣೆಯಲ್ಲಿ ಕಿರುಚಾಟ. ಬಾಯಾರು ಮೇಜು ಬಡಿದು ಸುಮ್ಮನಿರಿಸಬೇಕಾಯಿತು. ಬಡಿಯುತ್ತ ಅವರೂ ನಗುತ್ತಿದ್ದರು, ಸದ್ದಿಲ್ಲದೆ, ಭುಜ ಅಲುಗುತ್ತ...

ಧ್ವನಿಯ ಪಾಠ ಬಂತು. ಅದನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ತಮ್ಮ ಗಂಟಲಿನ ಚಿತ್ರವನ್ನೇ ಹಾಕಿ, ಏನಿತ್ತು, ಏನನ್ನು ತೆಗೆದರು, ಈಗ ಗಾಳಿ ಯಾವ ದಾರಿಯಿಂದ ಹೋಗುತ್ತದೆ ಎಂದು ಬರೆದರು. 'ಗಂಟಲ ಮೇಲೆ ಎರಡು ಬೆರಳು ಇಡಿರಿ. ಆ ಎನ್ನಿರಿ. ಬೆರಳಿಗೆ ಏನು ತಿಳಿಯಿತು?' ಇಡೀ ಕೋಣೆ 'ಆ' ಎಂದಿತು. ಒಬ್ಬಳು, ದುಂಬಿ ಕುಂತಂಗ ಆತ್ರಿ ಎಂದು ಬರೆದಳು. ಇನ್ನೊಬ್ಬ, ಹಿಟ್ಟಿನ ಗಿರಣಿ ನಡದಂಗ ಆತ್ರಿ ಎಂದ. ಆಗ ಎಂಟನೇ ತರಗತಿಯ ಒಂದು ಹುಡುಗಿ ಬರೆದಳು: 'ಬಾಯಾರ, ಕನಸಿನ್ಯಾಗ ನಿಮಗ ದನಿ ಐತೇನ್ರಿ?'

ನಾನು ಬಾಯಾರ ಹಿಂದೆ ನಿಂತಿದ್ದೆ. ಅವರ ಬೆರಳು ಕೀಲಿಗಳ ಮೇಲೆ ನಿಂತವು. ಗಂಟೆ ಹೊಡೆಯಿತು. ಮಕ್ಕಳು ಎದ್ದು ಹೋದರು. ಆ ಪ್ರಶ್ನೆಗೆ ಅವರು ಬ್ಲಾಗಿನಲ್ಲಿ ಉತ್ತರ ಬರೆಯಲಿಲ್ಲ.

ಅರ್ಧ ವರ್ಷದ ಪರೀಕ್ಷೆ ಮುಗಿದ ಮೇಲೆ ಪಾಲಕರ ಸಭೆ ಕರೆದರು. ಶಾಲೆಯ ಕಮಿಟಿಯವರೂ ಬಂದಿದ್ದರು. ನನ್ನನ್ನು ಬಾಯಾರ ಪಕ್ಕದಲ್ಲಿ ಕೂರಿಸಿದರು. ಅವರು ಮೊಬೈಲಿನಲ್ಲಿ ಬರೆದದ್ದನ್ನು ನಾನು ಗಟ್ಟಿಯಾಗಿ ಓದಬೇಕು, ಅದು ಏರ್ಪಾಡು.

ಕಮಿಟಿಯ ಹಿರಿಯರೊಬ್ಬರು ಶುರು ಮಾಡಿದರು. "ನಾ ಕೆಟ್ಟ ಮನಸ್ಸಿನಿಂದ ಕೇಳಾಕತ್ತಿಲ್ರಿ. ಬಾಯಿ ಇಲ್ಲದ ಬಾಯಾರು ಪಾಠ ಹೆಂಗ ಹೇಳ್ತಾರು?"

ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕು, ನಕ್ಕದ್ದು ತಪ್ಪೆಂದು ತಿಳಿದು ಸುಮ್ಮನಾದರು. ಬಾಯಾರು ಬರೆಯತೊಡಗಿದರು. ಅಷ್ಟರಲ್ಲಿ ಒಬ್ಬ ತಂದೆ ಎದ್ದು ನಿಂತರು. "ನಮ್ಮ ಹುಡುಗ ಸಂಜಿ ಆತಂದ್ರ ನನ್ನ ಮೊಬೈಲ್ ಕಸಗೋತಾನ್ರಿ. ಕೇಳಿದ್ರ ಬಾಯಾರ ಪಾಠ ಅಂತಾನ. ಪಾಠ ಓದ್ತಾನೋ, ಮತ್ತೇನ್ ನೋಡ್ತಾನೋ ನಮಗೇನ್ ಗೊತ್ತಾಕ್ಕೈತಿ?" ಬಾಯಾರು ಬರೆಯುತ್ತಲೇ ಇದ್ದರು. ಒಬ್ಬ ತಾಯಿ ಕೂತಲ್ಲಿಂದಲೇ ಕೇಳಿದರು. "ನಮ್ಮ ಹುಡುಗಿದು ಹತ್ತನೇ ಕ್ಲಾಸ್ ಐತ್ರಿ. ಈ ವರ್ಷ ಕೈ ಬಿಟ್ಟು ಹೋದ್ರ ಹೊಳ್ಳಿ ಬರ್ತೈತೇನ್ರಿ?"

ಅವರದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ. ಮಕ್ಕಳ ಮುಂದಿನ ದಿನಗಳ ಚಿಂತೆ ಅವರದು. ಬಾಯಾರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ಮೊದಲ ಪ್ರಶ್ನೆಗೆ ಬರೆದ ಉತ್ತರವನ್ನು ನಾನು ಓದಿದೆ. ಆ ಪ್ರಶ್ನೆ ಆಗಲೇ ಹಳೆಯದಾಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಬಾಯಾರು ಎರಡನೆಯದಕ್ಕೆ ಬರೆದರು: 'ಹುಡುಗ ನಿಮ್ಮ ಮಗ್ಗಲಕ್ಕ ಕುಂತ ಓದಲಿ. ನೀವೂ ಅವನ ಜೋಡಿ ಓದ್ರಿ.' ನಾನು ಅದನ್ನು ಓದುವಾಗ ಸಭೆ ಹತ್ತನೇ ತರಗತಿಯ ಫಲಿತಾಂಶದ ಮಾತಿನಲ್ಲಿತ್ತು. "ಹೂಂ, ಅದ್ ಆತ್ರಿ ಬಾಯಾರ, ಅದ್ ಆತು" ಎಂದು ಹೆಡ್‌ಮಾಸ್ತರರು ಮೆತ್ತಗೆ ಹೇಳಿದರು. ಸಭೆಯುದ್ದಕ್ಕೂ ಹಾಗೇ ಆಯಿತು. ಅವರ ಉತ್ತರ ಯಾವಾಗಲೂ ಹಿಂದಿನ ಪ್ರಶ್ನೆಗೆ. ನಾನು ನನ್ನ ಕಡೆಯಿಂದ ಎರಡು ಮಾತು ಹೇಳಿದೆ, ಮಕ್ಕಳು ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾರೆ ಎಂದೆ. "ನೀವು ಕನ್ನಡ ಕಲಸಾವರು, ನಿಮಗ ಸೈನ್ಸ್ ಏನ್ ತಿಳೀತೈತ್ರಿ" ಎಂದು ಯಾರೋ ಅಂದರು. ಅದೂ ನಿಜವೇ.

ಜನ ಏಳತೊಡಗಿದರು. ಕುರ್ಚಿ ಎಳೆದ ಸದ್ದು, ಚಪ್ಪಲಿ ಹುಡುಕುವ ಗಡಿಬಿಡಿ. ಬಾಯಾರು ಇನ್ನೂ ತಲೆ ತಗ್ಗಿಸಿ ಬರೆಯುತ್ತಿದ್ದರು, ಅಳಿಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಸಭಾಂಗಣ ಖಾಲಿಯಾದ ಮೇಲೆ ನಾನು ಬಗ್ಗಿ ನೋಡಿದೆ. ಬರೆದದ್ದನ್ನೆಲ್ಲ ಅಳಿಸಿ ಒಂದೇ ಮಾತು ಉಳಿಸಿದ್ದರು. 'ತಡೀರಿ.'

ವಿಜ್ಞಾನಕ್ಕೆ ಹೊಸ ಹುಡುಗನೊಬ್ಬನನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು. ಒಳ್ಳೆಯ ದನಿ, ಒಳ್ಳೆಯ ಸ್ವಭಾವ, ಪಾಠವೂ ಚೆನ್ನಾಗಿಯೇ ಮಾಡುತ್ತಿದ್ದ. ಬಾಯಾರ ಕಾಲು ಮುಟ್ಟಿ ನಮಸ್ಕಾರ ಮಾಡಿಯೇ ಮೊದಲ ತರಗತಿಗೆ ಹೋದ. ಅವನ ಮೇಲೆ ಸಿಟ್ಟು ಮಾಡಲಿಕ್ಕೂ ನಮಗೆ ಕಾರಣ ಸಿಗಲಿಲ್ಲ. ಬಾಯಾರಿಗೆ ಗ್ರಂಥಾಲಯ ಕೊಟ್ಟರು, ಎರಡು ಗಾಜಿನ ಕಪಾಟಿನ ಒಂದು ಕೋಣೆ. ಕಂಪ್ಯೂಟರುಗಳ ಮೇಲೆ ಮತ್ತೆ ಬಟ್ಟೆ ಬಿತ್ತು.

ಅವರು ಬರೆಯುವುದನ್ನು ಬಿಡಲಿಲ್ಲ. ಸಂಜೆ ಮನೆಯಿಂದ ವಾರಕ್ಕೆ ಮೂರು ನಾಲ್ಕು ಪಾಠ ಹಾಕುತ್ತಿದ್ದರು. ಮೊದಮೊದಲು ಮಕ್ಕಳು ಅಪ್ಪಂದಿರ ಮೊಬೈಲಿನಿಂದ ಬಂದು ಕೇಳುತ್ತಿದ್ದರು. ಪರೀಕ್ಷೆ ಹತ್ತಿರ ಬಂದಂತೆ ಮನೆಗಳಲ್ಲಿ ಮೊಬೈಲನ್ನು ಎತ್ತಿಟ್ಟರು. ಪ್ರಶ್ನೆಗಳು ಕಡಿಮೆಯಾದವು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಬಾಯಾರು ಮೊಬೈಲ್ ತೆರೆದು ನನಗೆ ತೋರಿಸಿದರು. ಪಾಠದ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ಹಾಗೆ ತೋರಿಸಿದರು, ಅಷ್ಟೇ. ಅವತ್ತು ಮಧ್ಯಾಹ್ನ ನಾನು ಶಿಕ್ಷಕರ ಕೋಣೆಯಲ್ಲಿ ಕೂತು ಆ ಪಾಠವನ್ನು ಎರಡು ಸಲ ಓದಿ, ಒಂದು ಪ್ರಶ್ನೆ ಬರೆದೆ. ವಿದ್ಯುತ್ತಿನ ಪಾಠ ಅದು, ನನಗೆ ಅರ್ಥವಾದದ್ದು ಸ್ವಲ್ಪವೇ. ಸಂಜೆ ಅವರು ಉದ್ದ ಉತ್ತರ ಬರೆದಿದ್ದರು. ಕೊನೆಯಲ್ಲಿ ಇತ್ತು: 'ಕನ್ನಡದ ಬಾಯಾರಿಗೆ ಶಾಬಾಸ್. ಆದ್ರ ಈ ಪ್ರಶ್ನೆ ಹುಡುಗೂರ ಕೇಳಬೇಕಿತ್ತು.'

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಗಂಟು ಮರಳಿ ಬಂತು. ಮಿರಜಕ್ಕೆ ಹೋಗುವುದು, ಬರುವುದು. ಆಮೇಲೆ ಹೋಗುವುದೂ ನಿಂತಿತು. ಚಿಕ್ಕೋಡಿಯ ಅವರ ಮನೆಗೆ ನಾನು ಬಿಡುವಿದ್ದಾಗೆಲ್ಲ ಹೋಗುತ್ತಿದ್ದೆ. ಅವರ ಯಜಮಾನರದು ಪೇಟೆಯಲ್ಲಿ ಪಾತ್ರೆ ಅಂಗಡಿ. ಅಂಗಡಿ ಮುಚ್ಚಿ ಮನೆಯಲ್ಲೇ ಇರುತ್ತಿದ್ದರು. ಮೊದಲೇ ಮಾತು ಕಡಿಮೆ ಆ ಮನುಷ್ಯನದು. ಒಂದು ದಿನ ನನಗೆ ನೀರು ತಂದುಕೊಟ್ಟು, "ನಮ್ಮ ಮನ್ಯಾಗ ಮಾತಾಡಾಕಿ ಇಕೀ ಒಬ್ಬಾಕೀನ ಇದ್ಲರಿ. ನಂಗ ರೂಢಿನ ಇಲ್ಲ" ಎಂದು ಒಳಗೆ ಹೋದರು.

ಅವತ್ತೇ ಬಾಯಾರಲ್ಲಿ ಆ ಹುಡುಗಿಯ ಕನಸಿನ ಪ್ರಶ್ನೆಯ ಮಾತೆತ್ತಿದೆ. ಯಾಕೆ ಉತ್ತರ ಬರೆಯಲಿಲ್ಲ ಎಂದು ಕೇಳಿದೆ. ಅವರು ತುಂಬಾ ಸೋತಿದ್ದರು. ಮೊಬೈಲನ್ನು ಎದೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಅಕ್ಷರ ಹುಡುಕಿ ಬರೆದರು. 'ಕನಸಿನ್ಯಾಗ ದನಿ ಐತಿ. ಆದ್ರ ಬರೇ ಹಾಜರಿ ಕರೀತಿರ್ತೀನಿ. ಯಾರೂ ಓ ಅನ್ನೂದಿಲ್ಲ. ಅದನ್ನ ಕೂಸಿಗೆ ಹೆಂಗ ಬರೀಲಿ?'

ನಾನು ಅವರ ಕೈ ಹಿಡಿದುಕೊಂಡು ಕೂತೆ.

ಅವರು ಹೋದ ಸುದ್ದಿಯನ್ನು ಯಜಮಾನರೇ ಫೋನ್ ಮಾಡಿ ಹೇಳಿದರು. ಶಾಲೆಗೆ ರಜೆ ಕೊಟ್ಟರು. ಮೊಬೈಲಿನ ಬಗ್ಗೆ ದೂರಿದ್ದ ಆ ತಂದೆ ಮಗನನ್ನು ಕರೆದುಕೊಂಡು ಕೊನೆಯ ದರ್ಶನಕ್ಕೆ ಬಂದಿದ್ದರು. ಕಮಿಟಿಯ ಹಿರಿಯರು ಎಲ್ಲರಿಗಿಂತ ಹೆಚ್ಚು ಅತ್ತರು.

ನಾನೀಗ ಆ ಶಾಲೆಯಲ್ಲಿಲ್ಲ. ರಾಯಬಾಗದ ಕಡೆಯ ಬೇರೊಂದು ಶಾಲೆಗೆ ಬಂದು ವರ್ಷಗಳಾದವು. ಈಗಿನ ಮಕ್ಕಳ ಬಳಿ ಮೊಬೈಲಿದೆ, ಪಾಠದ ವಿಡಿಯೋಗಳಿವೆ, ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ನಿಪ್ಪಾಣಿಯಿಂದ ಎಣ್ಣೆ ತಂದ ಆ ಸಂಜೆ ನಾನು ಬಹಳ ದಿನಗಳ ಮೇಲೆ ಬಾಯಾರ ಬ್ಲಾಗನ್ನು ತೆರೆದೆ. ಎಲ್ಲ ಪಾಠವೂ ಹಾಗೇ ಇದೆ. ಯಾರು ಯಾರೋ ಬಂದು ಹೋಗಿದ್ದಾರೆ. ಅಥಣಿಯ ಒಬ್ಬ ಹುಡುಗ ಆಮ್ಲ ಪ್ರತ್ಯಾಮ್ಲದ ಲೆಕ್ಕ ಕೇಳಿ, ಉತ್ತರ ಬಾರದಿದ್ದಕ್ಕೆ ಮತ್ತೆ ಕೇಳಿದ್ದಾನೆ. ಹಿಂದೊಮ್ಮೆ ನಾನು ಬಾಯಾರು ತೀರಿಕೊಂಡರು ಎಂದು ಒಂದು ಪಾಠದ ಕೆಳಗೆ ಬರೆದಿದ್ದೆ. ಬೇರೆ ಪಾಠಗಳಿಗೆ ಬಂದವರ ಕಣ್ಣಿಗೆ ಅದು ಬೀಳುವುದಿಲ್ಲ. ಎಲ್ಲದರ ಕೆಳಗೂ ಬರೆಯಲು ನನ್ನಿಂದ ಆಗಲಿಲ್ಲ. ಉತ್ತರ ಹೇಳೋಣವೆಂದರೆ ನನಗೆ ವಿಜ್ಞಾನ ಬರುವುದಿಲ್ಲ.

ಎಲ್ಲಕ್ಕಿಂತ ಹೊಸದಾಗಿ ಬಂದದ್ದು ಕಾಗವಾಡ ಕಡೆಯ ಒಬ್ಬ ತಂದೆಯ ಮಾತು. 'ಬಾಯಾರ, ನಮಸ್ಕಾರ್ರಿ. ನಮ್ಮ ಮಗಳು ನಿಮ್ಮ ಪಾಠ ಓದಿ ದಿನಾ ನನಗ ಹೇಳ್ತಾಳ. ನೀವು ಯಾವ ಸಾಲ್ಯಾಗ ಅದೀರಿ? ಅಕೀನ್ನ ಅಲ್ಲೇ ಹಚ್ಚಬೇಕಂತ ಮಾಡೀವಿ. ದೂರ ಆದ್ರೂ ಅಡ್ಡಿಯಿಲ್ಲ.'

ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯಲೂ ಕೈ ಬರಲಿಲ್ಲ. ಕೊನೆಗೆ, ಬಾಯಾರು ಈಗ ಯಾವ ಶಾಲೆಯಲ್ಲೂ ಇಲ್ಲರಿ ಎಂದು ಬರೆದೆ. ಮರುದಿನ ಬೆಳಿಗ್ಗೆ ಅವರ ಉತ್ತರ ಬಂದಿತ್ತು.

'ರಿಟೈರ್ ಆದ್ರೇನ್ರಿ? ಚೊಲೋ ಆತು. ಮನಿ ಎಲ್ಲಿ ಐತಿ ಹೇಳ್ರಿ, ಮಗಳನ್ನ ಕರಕೊಂಡು ಬರ್ತೀನಿ.'

ನನಗೆ ಶಾಲೆಯ ಹೊತ್ತಾಗಿತ್ತು. ಬಸ್ ಹಿಡಿದು, ಕಿಟಕಿ ಪಕ್ಕದ ಸೀಟು ಸಿಕ್ಕ ಮೇಲೆ ಮತ್ತೆ ಮೊಬೈಲ್ ತೆಗೆದೆ. ಆ ಮಾತನ್ನು ಮತ್ತೊಮ್ಮೆ ಓದಿದೆ. ಉತ್ತರ ಇನ್ನೂ ಬರೆದಿಲ್ಲ.